ಸರ್ಕಾರದ ಮಳೆ ಲೆಕ್ಕ, ಕಂಪನಿಗಳ ಮಳೆ ಅಂದಾಜು: ಮಂಡ್ಯ ಸೀಮೆಯಲ್ಲಿ ಬಳಸಿ ನೋಡಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುವುದು ವಾಸಿ. ಬಿದ್ದ ಮಳೆ ಎಷ್ಟೆಂದು ತಿಳಿಯಲು ಸರ್ಕಾರದ ಅಂಕಿ ಬಿಟ್ಟು ಬೇರೆ ದಾರಿಯಿಲ್ಲ. ಬೀಳಬಹುದಾದ ಮಳೆಗೆ ಸರ್ಕಾರದ್ದು, ಕಂಪನಿಗಳದ್ದು ಎರಡನ್ನೂ ನೋಡಿ. ಹಳೆಯ ಮಳೆಯ ದಾಖಲೆಗೆ ಮಾತ್ರ ಯಾವ ಕಂಪನಿಗೂ ದುಡ್ಡು ಕೊಡಬೇಡಿ.

ಫೋನಿನ ಆ್ಯಪು ಬಸರಾಳಿನಲ್ಲಿ 8 ಮಿ.ಮೀ. ಮಳೆಯಾಗಿದೆ ಎಂದು ತೋರಿಸಿದರೆ, ಸಾಮಾನ್ಯವಾಗಿ ಅದನ್ನು ಅಲ್ಲಿ ಯಾರೂ ಅಳೆದಿರುವುದಿಲ್ಲ. ಕಂಪ್ಯೂಟರ್ ಮಾದರಿಯ ಒಂದು ಚೌಕದ ಲೆಕ್ಕ ಅದು. ಚೌಕ 12 ಕಿ.ಮೀ.ನದಾದರೆ ಮೈಸೂರಿನಿಂದ ಮಂಡ್ಯದವರೆಗಿನ ಸುಮಾರು 45 ಕಿ.ಮೀ.ಗೆ ನಾಲ್ಕೇ ಚೌಕ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಒಂದು ಊರ ಕೆರೆ ತುಂಬಿಸಿ ಪಕ್ಕದ ಊರಿನ ಧೂಳನ್ನೂ ಅಲುಗಿಸದೆ ಹೋಗುತ್ತದೆ. ಅದು ಈ ಚೌಕದೊಳಗೆ ಸಿಗುವುದಿಲ್ಲ. ಕೆಎಸ್‌ಎನ್‌ಡಿಎಂಸಿ, ಅಂದರೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆ ಮಾಪಕ ಇಟ್ಟಿದೆ. ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ತೇವಾಂಶ, ಗಾಳಿಯನ್ನೂ ಅಳೆಯುವ ಕೇಂದ್ರಗಳಿವೆ. ಅಂಕಿ 15 ನಿಮಿಷಕ್ಕೊಮ್ಮೆ ಬರುತ್ತದೆ. ಇಷ್ಟು ದಟ್ಟ ಜಾಲ ಯಾವ ಆ್ಯಪಿನ ಹಿಂದೆಯೂ ಇಲ್ಲ.

ಹೊಸಬರು ಎಡವುವುದು ದಿನಾಂಕದಲ್ಲಿ. ಸರ್ಕಾರದ ಮಳೆ ದಿನ ಬೆಳಿಗ್ಗೆ 8:30ಕ್ಕೆ ಶುರುವಾಗಿ ಮರುದಿನ 8:30ಕ್ಕೆ ಮುಗಿಯುತ್ತದೆ, ಮುಗಿದ ದಿನದ ಹೆಸರಿನಲ್ಲಿ ದಾಖಲಾಗುತ್ತದೆ. ಸೋಮವಾರ ಸಂಜೆ ಹೊಡೆದ ಮಳೆ ಮಂಗಳವಾರದ ಪಟ್ಟಿಯಲ್ಲಿರುತ್ತದೆ. ಆ್ಯಪಿಗೆ ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಇದು ಗೊತ್ತಿಲ್ಲದೆ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಸುಳ್ಳು ಎಂದು ಬೈಯುವವರೇ ಹೆಚ್ಚು.

ಪದಗಳದ್ದೂ ಅದೇ ಕತೆ. ಹವಾಮಾನ ಇಲಾಖೆಗೆ ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಹಲವು ಆ್ಯಪುಗಳು ಗಂಟೆಯ ಬಿರುಸು ನೋಡಿ ಭಾರಿ ಎನ್ನುತ್ತವೆ. ಅರ್ಧ ಗಂಟೆಯಲ್ಲಿ 20 ಮಿ.ಮೀ. ಸುರಿದು ನಿಂತರೆ ಅವುಗಳಿಗೆ ಅದು ಭಾರಿ, ಇಲಾಖೆಗೆ ಸಾಧಾರಣ. ಇನ್ನು ‘ಅಲ್ಲಲ್ಲಿ ಮಳೆ’ (ಇಂಗ್ಲಿಷಿನ ‘ಐಸೊಲೇಟೆಡ್’) ಎಂದರೆ ಹೆಚ್ಚೆಂದರೆ ನೂರಕ್ಕೆ 25 ಕೇಂದ್ರಗಳಲ್ಲಿ ಮಳೆ. ನಾಲ್ಕು ಊರಲ್ಲಿ ಮೂರಕ್ಕೆ ಹನಿ ಬೀಳದಿದ್ದರೂ ಮುನ್ಸೂಚನೆ ನಿಜವೇ ಆಯಿತು, ಒಣಗಿದ ಮೂರು ಊರಿನವರು ಒಪ್ಪದಿದ್ದರೂ!

ಸರ್ಕಾರದ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಈ ಬಗೆಯ ಮಾಪಕದೊಳಗೆ ಸಾಮಾನ್ಯವಾಗಿ ತಕ್ಕಡಿಯಂತೆ ವಾಲುವ ಪುಟ್ಟ ಬಕೆಟ್ ಇರುತ್ತದೆ. ಮೇಲಿನ ಆಲಿಕೆಗೆ ಎಲೆ, ಜೇಡರ ಬಲೆ, ಹಕ್ಕಿ ಹಿಕ್ಕೆ ಕಟ್ಟಿಕೊಂಡರೆ ಮಳೆ ಸುರಿಯುವಾಗ ಸೊನ್ನೆ, ನಿಂತ ಮೇಲೆ ತೊಟ್ಟು ತೊಟ್ಟಾಗಿ 0.5, 0.5 ಎಂದು ಗಂಟೆಗಟ್ಟಲೆ ಏರುತ್ತದೆ. ಬಿರುಸು ಮಳೆಯಲ್ಲಿ ಬಕೆಟ್ ವಾಲುವಷ್ಟರಲ್ಲೇ ನೀರು ಪಕ್ಕಕ್ಕೆ ಹೋಗಿ ಲೆಕ್ಕ ಕಮ್ಮಿಯಾಗುತ್ತದೆ. ಸುತ್ತಲಿನ ಪಂಚಾಯಿತಿಗಳಲ್ಲೆಲ್ಲ 30 ದಾಟಿ ನಿಮ್ಮದರಲ್ಲಿ ಸೊನ್ನೆ ಇದ್ದರೆ ಹೋಬಳಿ ಕೇಂದ್ರದ ಉಷ್ಣಾಂಶ ನೋಡಿ. ಕಾಲು ಗಂಟೆಯಲ್ಲಿ ಐದಾರು ಡಿಗ್ರಿ ಇಳಿದು ತೇವಾಂಶ ಜಿಗಿದಿದ್ದರೆ ಮಳೆ ಆ ಕಡೆ ಹಾದಿರುವ ಸಾಧ್ಯತೆ ಹೆಚ್ಚು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಮಾಪಕದ ಅಂಕಿಯಿಂದ, ಆ್ಯಪಿನ ಸ್ಕ್ರೀನ್‌ಶಾಟಿಗೆ ಅಲ್ಲಿ ಬೆಲೆಯಿಲ್ಲ. ಹಾಗಾಗಿ ಅನುಮಾನ ಬಂದ ದಿನವೇ ದಿನಾಂಕ, ಗಂಟೆ ಹಾಕಿ ಬರಹದಲ್ಲಿ ದೂರು ಕೊಡಿ.

ತಾಳೆ ನೋಡಲು ಸ್ವಂತ ಮಾಪಕಕ್ಕೆ ಖರ್ಚು ಕಮ್ಮಿ. ಬಾಯಿಯ ಅಡ್ಡಳತೆ 16 ಸೆಂ.ಮೀ. ಇರುವ ಆಲಿಕೆ, ಕೆಳಗೊಂದು ಕ್ಯಾನು, ಔಷಧಿ ಅಂಗಡಿಯ ಅಳತೆ ಲೋಟ ಸಾಕು. ಬಿದ್ದ 20 ಮಿ.ಲೀ. ನೀರಿಗೆ 1 ಮಿ.ಮೀ. ಮಳೆ. ಮರ, ಗೋಡೆಯಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರ ಇಡಿ. ತಾರಸಿ ಬೇಡ, ಗಾಳಿಗೆ ಹನಿ ಹಾರಿ ಕಮ್ಮಿ ತೋರಿಸುತ್ತದೆ. ಓದುವುದು 8:30ಕ್ಕೇ. ಒಂದು ಎಕರೆಗೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್ ನೀರು. 25 ಮಿ.ಮೀ. ಬಿದ್ದ ಮರುದಿನ ಮೋಟರ್ ಹಾಕುವವರು ಇದನ್ನು ಗುಣಿಸಿ ನೋಡಲಿ.

ಖಾಸಗಿಯವರು ಗೆಲ್ಲುವುದು ಗಾಳಿಯಲ್ಲಿ. ಭತ್ತಕ್ಕೆ ಬೆಂಕಿ ರೋಗದ ಔಷಧಿ ಹೊಡೆಯಲು ಗಂಟೆ ಗಂಟೆಯ ಗಾಳಿ ಬೇಕು, ಯುರೋಪಿನ ಮಾದರಿಯನ್ನು ನಕ್ಷೆಯಾಗಿ ತೋರಿಸುವ ಆ್ಯಪುಗಳು ಅದನ್ನು ಚೆನ್ನಾಗಿ ಕೊಡುತ್ತವೆ. ಆ ವೇಗ 10 ಮೀಟರ್ ಎತ್ತರದ್ದು, ಪೈರಿನ ಮಟ್ಟದಲ್ಲಿ ಕಮ್ಮಿ ಇರುತ್ತದೆ. ಹಸ್ತ, ಚಿತ್ತೆಯ ಹೊತ್ತಿನ ವಾಯುಭಾರ ಕುಸಿತ ನಾಲ್ಕೈದು ದಿನ ಮೊದಲೇ ಅಲ್ಲಿ ಕಾಣುತ್ತದೆ. ಹತ್ತನೇ ದಿನದ ಮೋಡದ ಚಿತ್ರ ಬರೀ ಅಲಂಕಾರ. ಸರ್ಕಾರದ ಮೇಘದೂತ್ ಆ್ಯಪಿನಲ್ಲಿ ಮಂಗಳವಾರ, ಶುಕ್ರವಾರ ಕನ್ನಡದಲ್ಲೇ ಬೆಳೆ ಸಲಹೆ ಬರುತ್ತದೆ. ಮೋಡವನ್ನು ಎಂಟರ ಲೆಕ್ಕದಲ್ಲಿ ಕೊಡುತ್ತಾರೆ: 8 ಎಂದರೆ ಪೂರ್ತಿ ಕವಿದಿದೆ ಎಂದು. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪು ಇದೆ.

ವಿಶ್ವೇಶ್ವರಯ್ಯ ನಾಲೆ ಬಯಲಿನವರಿಗೆ ಮಂಡ್ಯದ ಮಳೆಗಿಂತ ಕೊಡಗಿನದ್ದು ಮುಖ್ಯ. ಕೆಎಸ್‌ಎನ್‌ಡಿಎಂಸಿಯ ಜಲಾಶಯ ಪಟ್ಟಿಯಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟವನ್ನು ಅದರ ಪೂರ್ತಿ ಮಟ್ಟವಾದ 124.80 ಅಡಿಯ ಎದುರು, ಒಳಹರಿವಿನ ಜೊತೆ ಓದಿ.

ಹಳೆಯ ದಾಖಲೆ ಹವಾಮಾನ ಇಲಾಖೆಯ ಪುಣೆ ಜಾಲತಾಣದಲ್ಲಿದೆ. 1901ರಿಂದ ದಿನವಹಿ ಮಳೆ, 0.25 ಡಿಗ್ರಿ (ಸುಮಾರು 27 ಕಿ.ಮೀ.) ಚೌಕದಲ್ಲಿ, ಉಚಿತ. ಮಂಡ್ಯ ಜಿಲ್ಲೆಯಷ್ಟು ವಿಸ್ತೀರ್ಣಕ್ಕೆ ಆರೇಳು ಚೌಕ. ಕಡತ ಎಕ್ಸೆಲ್‌ನಲ್ಲಿ ತೆರೆಯುವುದಿಲ್ಲ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಐಎಂಡಿಲಿಬ್‌ನಂಥ ತಂತ್ರಾಂಶ ಬೇಕು. ಕಂಪನಿಗಳು ಇದನ್ನು ಸಲೀಸು ಮಾಡಿ ಮಾರುತ್ತವೆ, ಆದರೆ ಎಷ್ಟೋ ಕಡೆ ಕೊಡುವುದು ಮಾಪಕದ ಅಂಕಿಯನ್ನಲ್ಲ, ಯುರೋಪಿನ ಇಆರ್‌ಎ5 ಮರುಲೆಕ್ಕವನ್ನು, ಅಂದರೆ ಹಳೆಯ ಹವೆಯನ್ನು ಕಂಪ್ಯೂಟರ್ ಮಾದರಿಯಲ್ಲಿ ಮತ್ತೆ ಲೆಕ್ಕ ಹಾಕಿದ್ದನ್ನು. ಅದೂ ಮೂಲದಲ್ಲಿ ಪುಕ್ಕಟೆ.

ಆಲೆಮನೆಯವರಿಗೆ ಇಷ್ಟೆಲ್ಲ ಬೇಕಿಲ್ಲ. ಅಂಗಳದಲ್ಲಿ ಹರಡಿದ ಕಬ್ಬಿನ ರಚ್ಚು (ರಸ ಹಿಂಡಿದ ಸಿಪ್ಪೆ) ನೆನೆದರೆ ಒಲೆ ಉರಿಯುವುದಿಲ್ಲ. ಮಧ್ಯಾಹ್ನ ಮೂರಕ್ಕೆ, ಮೋಡ ಬರುವ ದಿಕ್ಕಿನ ಎರಡು ಪಂಚಾಯಿತಿಗಳ 15 ನಿಮಿಷದ ಅಂಕಿ ನೋಡಿ. ಅಲ್ಲಿ ಸೊನ್ನೆ ಕದಲಿದರೆ ಟಾರ್ಪಾಲ್ ಎಳೆಯುವ ಹೊತ್ತು.