ತಿಂಗಳಿಗೊಂದು ರೋಲ್ ತೊಳೆಯುವವರಿಗೆ ರೋಡಿನಾಲ್

ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಲು ಯಾವ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ) ಕೊಳ್ಳಲಿ ಅಂತ ಯಾರು ಕೇಳಿದರೂ ನಾನು ರೋಡಿನಾಲ್ ಅನ್ನುತ್ತೇನೆ. ತಿಂಗಳಿಗೆ ಒಂದೋ ಎರಡೋ ರೋಲ್ ತೆಗೆಯುವವನು ನಾನು. ಡಿ-76 ಅನ್ನುವ ಪುಡಿ, ವಿಟಮಿನ್ ಸಿ ಇರುವ ಪುಡಿ, ದ್ರವರೂಪದ ರೋಡಿನಾಲ್ ಈ ಮೂರು ಡೆವಲಪರ್‌ಗಳಲ್ಲೂ ಎಚ್‌ಪಿ5 ಫಿಲ್ಮ್ ತೊಳೆದು ನೋಡಿದ್ದೇನೆ.

ಬರೀ ಚಿತ್ರ ನೋಡಿ ಹೇಳುವುದಾದರೆ ವಿಟಮಿನ್ ಸಿ ಪುಡಿಯೇ ಮೇಲು. ಗ್ರೇನ್ (ಚಿತ್ರದಲ್ಲಿ ಕಾಣುವ ಕಣಕಣ) ಸಣ್ಣದು, ನೆರಳಿನಲ್ಲೂ ವಿವರ ಉಳಿಯುತ್ತದೆ. ಆದರೆ ಅದು ಹೇಳದೆ ಕೇಳದೆ ಕೈಕೊಡುತ್ತದೆ. ಬೇರೆ ಡೆವಲಪರ್ ಹಳತಾದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಿದ ಕೂಡಲೇ ಅನುಮಾನ ಬರುತ್ತದೆ. ಇದು ಸತ್ತ ಮೇಲೂ ತಿಳಿಯಾಗೇ ಇರಬಹುದು. ಇದರಲ್ಲಿ ತೊಳೆದ ತಂಗಿಯ ಮದುವೆಯ ರೋಲ್, ಚಿತ್ರವನ್ನು ಗಟ್ಟಿ ಮಾಡುವ ಫಿಕ್ಸರ್‌ನಿಂದ ಹೊರಬಂದಾಗ ಪೂರ್ತಿ ಖಾಲಿ. ಕಾರ್ಖಾನೆಯಲ್ಲೇ ಫಿಲ್ಮಿಗೆ ಹಾಕಿರುವ ಅಂಚಿನ ನಂಬರುಗಳೂ ಮೂಡಿರಲಿಲ್ಲ. ನಂಬರೂ ಇಲ್ಲ ಅಂದರೆ ತಪ್ಪು ಕ್ಯಾಮೆರಾದ್ದಲ್ಲ, ಡೆವಲಪರ್‌ನದೇ.

ನೀರಲ್ಲಿ ಕಬ್ಬಿಣ, ತಾಮ್ರ ಚೂರೇ ಚೂರು ಇದ್ದರೂ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಗಾಳಿಯ ಆಮ್ಲಜನಕದ ಜೊತೆ ಬೇಗ ಸೇರಿ ಮುಗಿದುಹೋಗುತ್ತದೆ. ನಮ್ಮದು ಬೋರ್‌ವೆಲ್ ನೀರು. ಡಿಸ್ಟಿಲ್ಡ್ ವಾಟರ್ ಹಾಕಿದರೆ ಜಾಸ್ತಿ ದಿನ ಬರುತ್ತದೆ. ಆದರೂ ಪ್ರತಿ ಸಲ ಫಿಲ್ಮಿನ ತುದಿಯ ತುಂಡೊಂದನ್ನು ಬೆಳಕಿನಲ್ಲೇ ಅದ್ದಿ, ಕಪ್ಪಾಗುತ್ತದಾ ಅಂತ ನೋಡಿಯೇ ಮುಂದುವರಿಯಬೇಕು.

ಡಿ-76 ನಂಬಿಕಸ್ಥ. 1927ರಿಂದ ಇದೆ. ಲೀಟರಿಗೆ 100 ಗ್ರಾಂ ಸೋಡಿಯಂ ಸಲ್ಫೈಟ್ ಇರುವುದರಿಂದ ಫಿಲ್ಮಿನ ಬೆಳ್ಳಿ ಲವಣದ ಕಣಗಳ ಅಂಚು ಸ್ವಲ್ಪ ಕರಗಿ ಗ್ರೇನ್ ಮೃದುವಾಗುತ್ತದೆ. ಆದರೆ ಪುಡಿಯನ್ನು ಬಿಸಿನೀರಲ್ಲಿ ಕಲಸಬೇಕು. ಪೊಟ್ಟಣದಿಂದ ಅರ್ಧ ತೆಗೆದುಕೊಳ್ಳುವ ಹಾಗಿಲ್ಲ, ಒಳಗೆ ಪುಡಿಗಳು ಸಮವಾಗಿ ಬೆರೆತಿರುವುದಿಲ್ಲ. ಅರ್ಧ ಖಾಲಿಯಾದ ಬಾಟಲಿಯನ್ನು ಎರಡು ತಿಂಗಳೊಳಗೆ ಮುಗಿಸಬೇಕು. ನನಗೆ ಅದು ಆಗುವ ಮಾತಲ್ಲ.

ರೋಡಿನಾಲ್ 1891ರದ್ದು. 300 ಎಂಎಲ್ ಟ್ಯಾಂಕಿಗೆ 1+50 (ಒಂದು ಪಾಲಿಗೆ ಐವತ್ತು ಪಾಲು ನೀರು) ಲೆಕ್ಕದಲ್ಲಿ 6 ಎಂಎಲ್ ಸಾಕು, ಅದನ್ನೂ ಆಗಿನ ಆಗಲೇ ಬೆರೆಸಿ, ಬಳಸಿ, ಚೆಲ್ಲಿಬಿಡುವುದು. ಬಾಟಲಿಯಲ್ಲಿರುವ, ನೀರು ಬೆರೆಸದ ಮೂಲ ದ್ರಾವಣ ವರ್ಷಗಟ್ಟಲೆ ಇರುತ್ತದೆ, ಕಾಫಿ ಬಣ್ಣಕ್ಕೆ ತಿರುಗಿದರೂ ಕೆಲಸ ಮಾಡುತ್ತದೆ. 500 ಎಂಎಲ್ ಬಾಟಲಿಗೆ ಕೊಟ್ಟ ದುಡ್ಡನ್ನು ರೋಲುಗಳಿಗೆ ಹಂಚಿ ನೋಡಿ, ಇದರಷ್ಟು ಅಗ್ಗದ್ದು ನನಗೆ ಬೇರೆ ಸಿಕ್ಕಿಲ್ಲ. ಏಪ್ರಿಲ್‌ನಲ್ಲಿ ಜಗ್ಗನ್ನು ಐಸ್ ನೀರಲ್ಲಿಟ್ಟು 24 ಡಿಗ್ರಿಗೆ ಇಳಿಸಿಕೊಂಡು, ಏಳೂವರೆ ನಿಮಿಷ ತೊಳೆಯುತ್ತೇನೆ.

ಗ್ರೇನ್ ಎದ್ದು ಕಾಣುತ್ತದೆ, ಆಕಾಶದಲ್ಲಂತೂ ಜಾಸ್ತಿ. ನನಗೆ ಆ ಚೂಪು ಇಷ್ಟ. ವಾರಕ್ಕೆ ನಾಲ್ಕೈದು ರೋಲ್ ತೊಳೆಯುವವರು ಡಿ-76 ತಗೊಳ್ಳಿ, ಹಳತಾಗುವ ಮೊದಲೇ ಲೀಟರ್ ಮುಗಿಯುತ್ತದೆ.