ಎಂಜಿಬಿಯೋ, ಟ್ರಯಂಫ್ ಟಿಆರ್6 ಕಾರೋ?

ಬ್ರಿಟನ್ನಿನಲ್ಲಿ ಮಾರಾಟಕ್ಕಿರುವ ಈ ಎರಡು ಹಳೆಯ ತೆರೆದ ಕಾರುಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಹೊಳಪಿಗೆ ಮರುಳಾಗದೆ ಮೊದಲು ಮೊಣಕಾಲೂರಿ ಬಾಗಿಲ ಕೆಳಗಿನ ತಗಡನ್ನು ತಟ್ಟಿ ನೋಡಿ. ಎಂಜಿಬಿಗೆ ಪ್ರತ್ಯೇಕ ಚಾಸಿಸ್, ಅಂದರೆ ಬಾಡಿಯನ್ನು ಹೊರುವ ಚೌಕಟ್ಟು, ಇಲ್ಲ; ಆ ತಗಡೇ ಬೆನ್ನೆಲುಬು. ಅಲ್ಲಿ ತುಕ್ಕಿನ ಮೇಲೆ ಪುಟ್ಟಿ ಮೆತ್ತಿದ್ದರೆ ‘ಜೋಪಾನವಾಗಿಟ್ಟ ಕಾರು’ ಎಂಬ ಮಾತನ್ನು ನಂಬಬೇಡಿ. ಟಿಆರ್6ಗೆ ಚಾಸಿಸ್ ಬೇರೆಯೇ ಇದೆ, ಆದರೆ ಅದನ್ನೂ ತುಕ್ಕು ಬಿಡುವುದಿಲ್ಲ. ಹಿಂದಿನ ಸಸ್ಪೆನ್ಷನ್ ಕೂರುವ ಜಾಗಕ್ಕೆ ಟಾರ್ಚ್ ಹಿಡಿಯಿರಿ.

ಎಂಜಿಬಿಯದು 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಸ್ಪ್ಯಾನರ್ ಹಿಡಿಯಬಲ್ಲ ಯಾರಿಗಾದರೂ ಒಗ್ಗುತ್ತದೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ, ಹೊಸ ಬಾಡಿಯೇ ಸಿಗುತ್ತದೆ. ಟಿಆರ್6ರ 2498 ಸಿಸಿಯ ಆರು ಸಿಲಿಂಡರಿನ ಗುಡುಗು ಕೇಳಿದರೆ ಮನಸ್ಸು ಅತ್ತಲೇ ವಾಲುತ್ತದೆ, ನನ್ನದಂತೂ ವಾಲಿದೆ. ಆದರೆ ಬ್ರಿಟನ್ನಿನ ಮಾದರಿಯ ಲೂಕಾಸ್ ಪೆಟ್ರೋಲ್ ಇಂಜೆಕ್ಷನ್ನಿಗೆ, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆಗೆ, ಬಲ್ಲ ಕೈ ಬೇಕು. ಬೆಲೆಯೂ ಸಾಮಾನ್ಯವಾಗಿ ಹೆಚ್ಚು.

ಇದು ಮೊದಲ ಹಳೆಯ ಕಾರು, ರಿಪೇರಿಯೂ ನಿಮ್ಮದೇ ಎಂದಾದರೆ ಎಂಜಿಬಿ. ಕೈ ಬಿಗಿಯಿದ್ದರೆ 1974ರ ನಂತರದ ಕಪ್ಪು ಬಂಪರಿನದು ಅಗ್ಗ. ನುರಿತ ಮೆಕ್ಯಾನಿಕ್ ಹತ್ತಿರದಲ್ಲಿದ್ದು, ವೇಗದ ಹುಚ್ಚಿದ್ದರೆ ಟಿಆರ್6. ಯಾವುದನ್ನು ನೋಡಲು ಹೋದರೂ, ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಡಿ; ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೇ ಅದರ ದೋಷ ಬಯಲಾಗುವುದು.