ಹಳೇ ರಸಮಂಜರಿಯ ಸದ್ದು ಬೇಕೆ? ಸೆಕೆಂಡ್ ಹ್ಯಾಂಡ್ ಎಸ್‌ಪಿಡಿ-20 ಕೊಳ್ಳುವ ಮುನ್ನ

ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬ ಯಾವುದೇ ಇರಲಿ, ಒಂದು ಕಾಲಕ್ಕೆ ರಸಮಂಜರಿ ಇಲ್ಲದೆ ಮುಗಿಯುತ್ತಿರಲಿಲ್ಲ. ಈಗ ಎಷ್ಟೋ ವೇದಿಕೆಗಳಲ್ಲಿ ಟ್ರ್ಯಾಕ್ ಹಾಕಿ ಹಾಡುವುದೇ ಹೆಚ್ಚು. ಕೈಯಲ್ಲಿ ನುಡಿಸುವ ಆ ಆರ್ಕೆಸ್ಟ್ರಾ ಸದ್ದು ಮತ್ತೆ ಬೇಕೆನ್ನುವ ತಂಡ ಮೊದಲು ಹುಡುಕಬೇಕಾದದ್ದು ರೋಲ್ಯಾಂಡ್ ಕಂಪನಿಯ 1998ರ ರಿದಂ ಪ್ಯಾಡ್ (ಕಡ್ಡಿಯಿಂದ ಬಾರಿಸಿದರೆ ಡ್ರಮ್ ಸದ್ದು ಕೊಡುವ ಎಲೆಕ್ಟ್ರಾನಿಕ್ ವಾದ್ಯ), ಎಸ್‌ಪಿಡಿ-20.

ಅದೇ ಕಂಪನಿಯ 1985ರ ಮೊದಲ ರಿದಂ ಪ್ಯಾಡ್, ಆಕ್ಟಾಪ್ಯಾಡ್‌ಗೆ ಸ್ವಂತ ಸದ್ದೇ ಇರಲಿಲ್ಲ, ಮಿಡಿ (ವಾದ್ಯಗಳ ನಡುವೆ ಸೂಚನೆ ಸಾಗಿಸುವ) ಕೇಬಲ್ ಹಾಕಿ ಬೇರೆ ಯಂತ್ರದಿಂದ ನುಡಿಸಬೇಕಿತ್ತು. ಎಸ್‌ಪಿಡಿ-20ರಲ್ಲಿ 8 ಪ್ಯಾಡ್, 700 ಸದ್ದು, 99 ಪ್ಯಾಚ್ (ಯಾವ ಪ್ಯಾಡಿಗೆ ಯಾವ ಸದ್ದು ಎಂದು ಜೋಡಿಸಿಟ್ಟ ಸೆಟ್) ಒಂದೇ ಪೆಟ್ಟಿಗೆಯಲ್ಲಿವೆ. 2010ರ ಎಸ್‌ಪಿಡಿ-30ರಲ್ಲಿ ನುಡಿಸಿದ್ದನ್ನೇ ಸುತ್ತಿ ಸುತ್ತಿ ಕೇಳಿಸುವ ಲೂಪ್ ಸೌಲಭ್ಯವಿದೆ, ಇದರಲ್ಲಿಲ್ಲ. ರಸಮಂಜರಿಗೆ ಅದು ಕೊರತೆಯೇ ಅಲ್ಲ. ಇದರ ಸದ್ದುಗಳು ಮೊಟಕು, ಗಡುಸು. ಮೈದಾನದ ಗದ್ದಲದಲ್ಲೂ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ. ಡಿಸ್ಕೊ ಹಾಡುಗಳಲ್ಲಿ 'ಡ್ಯೂಂ' ಎಂದು ಜಾರುವ ಎಲೆಕ್ಟ್ರಾನಿಕ್ ಟಾಮ್ ಡ್ರಮ್ಮಿನ ಸದ್ದು ಇದರಲ್ಲಿ ಬಂದಂತೆ ಹೊಸ ಪ್ಯಾಡ್‌ಗಳಲ್ಲಿ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೆಡ್‌ಫೋನ್ ಒಯ್ಯಿರಿ. ಪ್ರತಿ ಪ್ಯಾಡನ್ನೂ ನಡುವೆ ಮತ್ತು ನಾಲ್ಕು ಮೂಲೆಯಲ್ಲಿ ಮೆಲ್ಲಗೆ, ಆಮೇಲೆ ಜೋರಾಗಿ ಬಾರಿಸಿ. ಕಿಕ್, ಸ್ನೇರ್ ಇಟ್ಟು ವರ್ಷಗಟ್ಟಲೆ ಬಾರಿಸಿದ ಪ್ಯಾಡ್‌ಗಳೇ ಮೊದಲು ಸವೆಯುವುದು, ಅಲ್ಲಿ ಮೆಲುಪೆಟ್ಟು ಕೇಳಿಸುವುದೇ ಇಲ್ಲ. ಒಮ್ಮೆ ಬಾರಿಸಿದಾಗ ಎರಡು ಸದ್ದು ಬಂದರೆ, ಪಕ್ಕದ ಪ್ಯಾಡೂ ನುಡಿದರೆ, ಗಾಬರಿ ಬೇಡ. ಸ್ಟ್ಯಾಂಡಿನ ತಿರುಪು ಬಿಗಿ ಮಾಡಿ, ಥ್ರೆಶ್‌ಹೋಲ್ಡ್ (ಪೆಟ್ಟು ಎಷ್ಟು ಜೋರಿದ್ದರೆ ಸದ್ದು ಬರಬೇಕೆಂಬ ಮಿತಿ) ಸ್ವಲ್ಪ ಏರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಒಳಗಿನ ಸೆನ್ಸರ್ ಹೋಗಿರಬಹುದು. ಔಟ್‌ಪುಟ್ ಜ್ಯಾಕ್ ಅಲ್ಲಾಡಿಸಿದಾಗ ಕರಕರ ಅನ್ನಬಾರದು.

ಫ್ಯಾಕ್ಟರಿ ರೀಸೆಟ್ ಮಾತ್ರ ಆತುರದಲ್ಲಿ ಮಾಡಬೇಡಿ. ಹಳೆಯ ವಾದಕರು ಒಂದೊಂದು ಹಾಡಿಗೆಂದು ಕಟ್ಟಿಟ್ಟ ಪ್ಯಾಚ್‌ಗಳು ಕೆಲವೊಮ್ಮೆ ಪ್ಯಾಡಿಗಿಂತ ಬೆಲೆಬಾಳುತ್ತವೆ. ಮೊದಲು ಮಿಡಿ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ತಮಟೆ ಬೇಕಾದರೆ ಟಿಂಬಾಲಿ (ಲೋಹದ ಮೈಯ ಲ್ಯಾಟಿನ್ ಡ್ರಮ್) ಸದ್ದು ಆರಿಸಿ, ಪಿಚ್ ಏರಿಸಿ, ಡಿಕೇ (ಸದ್ದು ಕ್ಷೀಣಿಸುವ ಅವಧಿ) ಇಳಿಸಿ. ತಮಟೆಯ ಅಂಚಿಗೆ ಕಡ್ಡಿಯಿಂದ ಹೊಡೆವ ಸದ್ದಿಗಾಗಿ ಇನ್ನೊಂದು ಪ್ಯಾಡಿನಲ್ಲಿ ಅದನ್ನೇ ಮತ್ತಷ್ಟು ಮೊಟಕಾಗಿಸಿ ಇಡಿ. ಎರಡನ್ನೂ ಅಕ್ಕಪಕ್ಕ ಇಟ್ಟರಷ್ಟೇ ಕೈ ಓಡುತ್ತದೆ. ತಬಲಾ, ಢೋಲಕ್ ಸದ್ದುಗಳನ್ನು ಇದರಲ್ಲಿ ನುಡಿಸಲು ಹೋಗಬೇಡಿ, 'ಬಾಯಾ' ಎಂಬ ತಬಲಾದ ಎಡ ವಾದ್ಯದ ಮೀಂಡ್ (ಜಾರುವ ನಾದ) ಕಡ್ಡಿಯಿಂದ ಬಾರಿಸಿದರೆ ಬಾರದು. ಅವಕ್ಕೆ ವಾದಕರೇ ಬೇಕು, ಕಾಂಗೋ-ಬಾಂಗೋಗೆ ಇನ್ನೊಬ್ಬರು. ಒಬ್ಬರೇ ಪ್ಯಾಡಿನಲ್ಲಿ ಎಲ್ಲವನ್ನೂ ನುಡಿಸತೊಡಗಿದ ಮೇಲೆಯೇ ರಸಮಂಜರಿಯ ರಿದಂ ಬಡವಾಗಿದ್ದು.

ಮೈಕಿನವರಿಗೆ ಮೊದಲೇ ಹೇಳಿಡಿ: ಎಡ-ಬಲ ಎರಡೂ ಔಟ್‌ಪುಟ್ ಡಿಐ ಬಾಕ್ಸ್ (ವಾದ್ಯದ ಸದ್ದನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಪುಟ್ಟ ಪೆಟ್ಟಿಗೆ) ಮೂಲಕ ಮಿಕ್ಸರಿಗೆ ಹೋಗಬೇಕು, ಎಕೋ ಗಾಯಕರ ಮೈಕಿಗೆ ಮಾತ್ರ. ಪ್ಯಾಡಿಗೂ ಎಕೋ ಸೇರಿದರೆ ಆರು ಮಾತ್ರೆಯ ಹಾಡುಗಳಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಹಾಡುವವರ ತಾಳ ತಪ್ಪುತ್ತದೆ.